100 ವಜ್ರ ಫಿರಂಗಿಗೆ 7,629 ಕೋಟಿ: ಇದು ನಮ್ಮದಾ, ಕೊರಿಯಾದ್ದಾ?

2024ರ ಡಿಸೆಂಬರ್ 20ರಂದು ರಕ್ಷಣಾ ಸಚಿವಾಲಯ ಎಲ್ ಆ್ಯಂಡ್ ಟಿ ಕಂಪನಿ ಜೊತೆ 7,628.70 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿತು. ಸೇನೆಗೆ ಇನ್ನೂ 100 ಕೆ9 ವಜ್ರ ಫಿರಂಗಿ ಬರುತ್ತವೆ, ಗುಜರಾತಿನಲ್ಲೇ ತಯಾರಾಗುತ್ತವೆ, ಇದು ಆತ್ಮನಿರ್ಭರತೆಗೆ ದೊಡ್ಡ ಬಲ ಅಂತ ಸುದ್ದಿ ಬಂತು. ಮೂರೇ ತಿಂಗಳಿಗೆ, 2025ರ ಮಾರ್ಚ್ 26ರಂದು, ಡಿಆರ್‌ಡಿಒ ವಿನ್ಯಾಸ ಮಾಡಿದ ನಮ್ಮದೇ ಎಟಿಎಜಿಎಸ್ ಫಿರಂಗಿಗೆ ಇನ್ನೊಂದು ಒಪ್ಪಂದ ಆಯಿತು. 307 ಫಿರಂಗಿ, ಸುಮಾರು 6,900 ಕೋಟಿ. ಅದಾಗಿ ಕೆಲವೇ ದಿನಕ್ಕೆ ದಕ್ಷಿಣ ಕೊರಿಯಾದ ಹಾನ್‌ವಾ ಏರೋಸ್ಪೇಸ್ ಕಂಪನಿ, ವಜ್ರದ ಈ ಎರಡನೇ ಕಂತಿಗಾಗಿ ಎಲ್ ಆ್ಯಂಡ್ ಟಿಯಿಂದ ತನಗೆ ಸುಮಾರು 25 ಕೋಟಿ ಡಾಲರ್ ಆರ್ಡರ್ ಸಿಕ್ಕಿದೆ ಎಂದು ಹೇಳಿತು.

ಈ ಮೂರು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ಭಾಗಿಸಿ ನೋಡಿದರೆ ಎಟಿಎಜಿಎಸ್ ಒಂದಕ್ಕೆ 22 ಕೋಟಿ ಚಿಲ್ಲರೆ, ವಜ್ರ ಒಂದಕ್ಕೆ 76 ಕೋಟಿ. ನಮ್ಮದೇ ಅಗ್ಗದ ಫಿರಂಗಿ ಇರುವಾಗ ಮೂರು ಪಟ್ಟಿಗಿಂತ ಜಾಸ್ತಿ ಕೊಟ್ಟು ಬೇರೆ ಯಾಕೆ? ಗುಜರಾತಿನಲ್ಲಿ ತಯಾರಾಗುವುದಾದರೆ ಕೊರಿಯಾಕ್ಕೆ ದುಡ್ಡು ಹೋಗುವುದು ಯಾಕೆ? ರಾಜಸ್ಥಾನದ ಮರಳಿಗೆ ಅಂತ ತಂದದ್ದು ಲಡಾಖ್‌ನಲ್ಲಿ ಏನು ಮಾಡುತ್ತಿದೆ? ಪ್ರಶ್ನೆಗಳು ಸರಿಯಾಗೇ ಇವೆ. ಒಂದೊಂದಾಗಿ ನೋಡೋಣ.

ಎಳೆಯುವ ಫಿರಂಗಿ, ಓಡುವ ಫಿರಂಗಿ

ಮೊದಲನೆಯದಾಗಿ, ಇವೆರಡೂ ಒಂದೇ ಜಾತಿಯ ಆಯುಧಗಳಲ್ಲ. ಗುಂಡು ಒಂದೇ ಅಳತೆಯದ್ದು, 155 ಮಿಲಿಮೀಟರ್. ಬ್ಯಾರೆಲ್‌ನ ಉದ್ದವೂ ಒಂದೇ: ಅದರ ವ್ಯಾಸದ 52 ಪಟ್ಟು, ಅಂದರೆ 8 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಗುಂಡು ಹಾರುವ ದೂರದಲ್ಲಿ ಎಟಿಎಜಿಎಸ್ಸೇ ಮುಂದಿದೆ. ಅದು ವಿಶೇಷ ಗುಂಡಿನಿಂದ ಸುಮಾರು 48 ಕಿಲೋಮೀಟರ್ ಮುಟ್ಟಿದೆ, ಕೆ9 ಸುಮಾರು 40 ಕಿಲೋಮೀಟರ್.

ವ್ಯತ್ಯಾಸ ಇರುವುದು ಬ್ಯಾರೆಲ್‌ನ ಕೆಳಗೆ. ಎಟಿಎಜಿಎಸ್ ಸುಮಾರು 18 ಟನ್ ತೂಕದ, ಲಾರಿಗೆ ಕಟ್ಟಿ ಎಳೆಯುವ ಫಿರಂಗಿ. ಜಾಗಕ್ಕೆ ತಂದು, ಲಾರಿಯಿಂದ ಬಿಡಿಸಿ, ಕಾಲು ಬಿಚ್ಚಿ ನೆಲಕ್ಕೆ ಊರಿ, ಆಮೇಲೆ ಹೊಡೆಯಬೇಕು. ಹೊಡೆದ ಮೇಲೆ ಇದೆಲ್ಲವನ್ನೂ ಉಲ್ಟಾ ಮಾಡಬೇಕು. ಸೈನಿಕರು ಬಯಲಲ್ಲಿ ನಿಂತಿರುತ್ತಾರೆ. ಕೆ9 ಹಾಗಲ್ಲ, ಅದಕ್ಕೆ ಟ್ಯಾಂಕಿನ ಥರ ಚೈನ್ ಗಾಲಿ ಇದೆ, ಉಕ್ಕಿನ ಕವಚ ಇದೆ, 1,000 ಅಶ್ವಶಕ್ತಿಯ ಎಂಜಿನ್ ಇದೆ. ತೂಕ 47 ಟನ್. ಐದು ಜನ ಒಳಗೇ ಕೂತಿರುತ್ತಾರೆ. ನಿಂತ ಕೂಡಲೇ ಹೊಡೆಯಲು ತಯಾರಾಗುತ್ತದೆ, 15 ಸೆಕೆಂಡಿನಲ್ಲಿ ಮೂರು ಗುಂಡು ಬಿಡುತ್ತದೆ, ಕೂಡಲೇ ಅಲ್ಲಿಂದ ಹೊರಟುಬಿಡುತ್ತದೆ.

ಹೊರಟುಬಿಡುವುದು ಯಾಕೆ ಮುಖ್ಯ ಅಂದರೆ, ಎದುರಾಳಿಯ ಹತ್ತಿರವೂ ರೇಡಾರ್ ಇರುತ್ತದೆ. ಹಾರುತ್ತಿರುವ ಗುಂಡನ್ನು ಅದು ಆಕಾಶದಲ್ಲೇ ಹಿಡಿದು, ಅದರ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ, ಹೊಡೆದ ಫಿರಂಗಿ ಎಲ್ಲಿದೆ ಎಂದು ಹೇಳಿಬಿಡುತ್ತದೆ. ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ ರೂಪಿಸಿ ಬಿಇಎಲ್ ತಯಾರಿಸುವ 'ಸ್ವಾತಿ' ರೇಡಾರ್ ಮಾಡುವುದು ಇದೇ ಕೆಲಸ. ಇಂಥ ರೇಡಾರ್ ಎರಡೂ ಕಡೆ ಇದ್ದರೆ, ಒಂದೇ ಜಾಗದಲ್ಲಿ ಉಳಿದ ಫಿರಂಗಿಯ ಮೇಲೆ ಕೆಲವೇ ನಿಮಿಷದಲ್ಲಿ ಗುಂಡು ಬೀಳುತ್ತದೆ. ಉಕ್ರೇನ್ ಯುದ್ಧದಲ್ಲಿ ಈ ರೇಡಾರ್ ಜೊತೆಗೆ ಡ್ರೋನ್ ಕೂಡ ಸೇರಿಕೊಂಡಿತು.

ಹಾಗಾಗಿ 22 ಕೋಟಿಗೂ 76 ಕೋಟಿಗೂ ನೇರ ಹೋಲಿಕೆ ಮಾಡುವುದು ಸರಿಯಲ್ಲ. ಟ್ಯಾಂಕ್ ದಳಗಳ ಜೊತೆ ಅದೇ ವೇಗದಲ್ಲಿ ಓಡಬೇಕಾದ ಕಡೆ ಎಳೆಯುವ ಫಿರಂಗಿ ಹಿಂದೆ ಬೀಳುತ್ತದೆ. ಹಾಗೆಯೇ ಸಾವಿರಾರು ಕಿಲೋಮೀಟರ್ ಗಡಿಯುದ್ದಕ್ಕೂ ವಜ್ರವನ್ನೇ ನಿಲ್ಲಿಸಲು ಯಾವ ಸರ್ಕಾರದ ಬೊಕ್ಕಸಕ್ಕೂ ಆಗುವುದಿಲ್ಲ. ಸೇನೆಗೆ ಎರಡೂ ಬೇಕು.

ಕೊರಿಯಾ ಇದನ್ನು ಮಾಡಿದ್ದು ಮಾರಾಟಕ್ಕಲ್ಲ

ಕೊರಿಯಾದ ರಾಜಧಾನಿ ಸೋಲ್, ಉತ್ತರ ಕೊರಿಯಾದ ಗಡಿಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಗಡಿಯ ಆಚೆ ಸಾವಿರಾರು ಫಿರಂಗಿಗಳಿವೆ. 1980ರ ದಶಕದಲ್ಲಿ ದಕ್ಷಿಣ ಕೊರಿಯಾದ ಹತ್ತಿರ ಇದ್ದದ್ದು ಅಮೆರಿಕದ ಎಂ109 ಫಿರಂಗಿ, ಅದನ್ನು ಪರವಾನಗಿ ಪಡೆದು ತಾವೇ ಕೆ55 ಹೆಸರಿನಲ್ಲಿ ತಯಾರಿಸುತ್ತಿದ್ದರು. ಅದರ ಗುಂಡು ಹೋಗುವ ದೂರ ಸಾಲುತ್ತಿರಲಿಲ್ಲ. 1989ರಲ್ಲಿ ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಎಡಿಡಿ, ಸ್ಯಾಮ್‌ಸಂಗ್ ಏರೋಸ್ಪೇಸ್ ಜೊತೆ ಸೇರಿ ಹೊಸ ಫಿರಂಗಿಯ ಕೆಲಸ ಶುರು ಮಾಡಿತು. ಹೌದು, ಮೊಬೈಲ್ ಮಾಡುವ ಅದೇ ಸ್ಯಾಮ್‌ಸಂಗ್ ಸಮೂಹ. ಆಮೇಲೆ ಸ್ಯಾಮ್‌ಸಂಗ್ ತನ್ನ ರಕ್ಷಣಾ ವ್ಯವಹಾರವನ್ನು ಹಾನ್‌ವಾ ಸಮೂಹಕ್ಕೆ ಮಾರಿಬಿಟ್ಟಿತು, ಹಾಗಾಗಿ ಈಗ ಹಾನ್‌ವಾ ಹೆಸರು ಕೇಳಿಬರುತ್ತದೆ.

ದಾರಿ ಸುಲಭ ಇರಲಿಲ್ಲ. 1997ರಲ್ಲಿ ಪರೀಕ್ಷೆಯ ವೇಳೆ ಮಾದರಿ ಫಿರಂಗಿಯೊಳಗೆ ಬೆಂಕಿ ಹೊತ್ತಿಕೊಂಡು ಒಬ್ಬ ತಂತ್ರಜ್ಞ ಪ್ರಾಣ ಕಳೆದುಕೊಂಡರು. ಕೆಲಸ ನಿಲ್ಲಲಿಲ್ಲ. 1999ರಲ್ಲಿ ಮೊದಲ ಕೆ9 ಸೇನೆ ಸೇರಿತು. ಮುಂದಿನ ಸುಮಾರು ಎರಡು ದಶಕ ಕೊರಿಯಾ ಸೇನೆ ಬಿಡದೆ ಇದನ್ನೇ ಕೊಳ್ಳುತ್ತಾ ಬಂತು, ಒಟ್ಟು 1,100ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲಾ ಕಥೆಗೆ ಇದೇ ಮೂಲ.

ನಿಜವಾದ ಹೊಡೆತ ತಿಂದದ್ದು 2010ರ ನವೆಂಬರ್ 23ರಂದು. ಉತ್ತರ ಕೊರಿಯಾ ಯೋನ್‌ಪ್ಯಾಂಗ್ ಎಂಬ ಪುಟ್ಟ ದ್ವೀಪದ ಮೇಲೆ ಫಿರಂಗಿ ದಾಳಿ ಮಾಡಿತು. ಇಬ್ಬರು ಸೈನಿಕರು, ಇಬ್ಬರು ನಾಗರಿಕರು ಸತ್ತರು. ಅಲ್ಲಿ ಆರು ಕೆ9 ಇದ್ದವು. ಕೆಲವು ಗುಂಡೇಟಿಗೆ ಸಿಕ್ಕಿದ್ದರಿಂದ ಎಲ್ಲವೂ ತಕ್ಷಣ ಹೊಡೆಯುವ ಸ್ಥಿತಿಯಲ್ಲಿ ಇರಲಿಲ್ಲ, ಮೊದಲ ಪ್ರತಿದಾಳಿಗೆ 13 ನಿಮಿಷ ಹಿಡಿಯಿತು. ಕೊರಿಯಾದಲ್ಲಿ ಇದರ ಬಗ್ಗೆ ಜೋರು ಟೀಕೆ ಬಂತು. ಆದರೆ ಒಂದು ಲಾಭವೂ ಆಯಿತು. ಬಳಸುವ ಸೇನೆಗೆ ತೊಂದರೆ ಕಾಣುತ್ತದೆ, ಕಾರ್ಖಾನೆ ತಿದ್ದುತ್ತದೆ, ತಿದ್ದಿದ್ದನ್ನು ಸೇನೆ ಮತ್ತೆ ಕೊಳ್ಳುತ್ತದೆ. ಕೆ9ಎ1 ಮಾದರಿ ಬಂದದ್ದು ಹೀಗೆ, ತಾನೇ ಗುಂಡು ತುಂಬಿಕೊಂಡು ಮೂರೇ ಜನ ನಡೆಸಬಹುದಾದ ಕೆ9ಎ2 ರೂಪುಗೊಂಡದ್ದೂ ಹೀಗೇ.

ಜಗತ್ತು ಕೆ9 ಕೊಂಡದ್ದು ಯಾಕೆ

ಮೊದಲ ಗ್ರಾಹಕ ಟರ್ಕಿ, 2001ರಲ್ಲಿ. ಅವರು ಪರವಾನಗಿ ಪಡೆದು 'ಫರ್ಟಿನಾ' ಹೆಸರಿನಲ್ಲಿ ತಾವೇ ತಯಾರಿಸಿದರು. ಆಮೇಲೆ ಸುಮಾರು ವರ್ಷ ಹೇಳಿಕೊಳ್ಳುವಂಥ ಮಾರಾಟ ಇರಲಿಲ್ಲ. 2014ರಲ್ಲಿ ಪೋಲೆಂಡ್ ತನ್ನ 'ಕ್ರಾಬ್' ಫಿರಂಗಿಗೆ ಕೆ9ರ ಕೆಳಭಾಗವನ್ನು ಮಾತ್ರ ತೆಗೆದುಕೊಂಡಿತು, ಯಾಕೆಂದರೆ ಅವರದೇ ಕೆಳಭಾಗದಲ್ಲಿ ಬಿರುಕು ಬಿಡುತ್ತಿತ್ತು. 2017ರಲ್ಲಿ ಭಾರತ, ಫಿನ್ಲೆಂಡ್, ನಾರ್ವೆ ಮೂರೂ ಬಂದವು. ನಂತರ ಎಸ್ಟೋನಿಯಾ, 2021ರಲ್ಲಿ ಆಸ್ಟ್ರೇಲಿಯಾ, 2022ರಲ್ಲಿ ಈಜಿಪ್ಟ್, 2024ರಲ್ಲಿ ರೊಮೇನಿಯಾ.

ಇಷ್ಟರ ನಡುವೆ ಎಲ್ಲರ ಕಣ್ಣು ತೆರೆಸಿದ್ದು ಪೋಲೆಂಡಿನ ಎರಡನೇ ಖರೀದಿ. ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲೆ ಪೋಲೆಂಡ್ ತನ್ನ ಕ್ರಾಬ್ ಫಿರಂಗಿಗಳಲ್ಲಿ ಕೆಲವನ್ನು ಉಕ್ರೇನಿಗೆ ಕೊಟ್ಟಿತು. ಖಾಲಿಯಾದ ಜಾಗ ಬೇಗ ತುಂಬಬೇಕಿತ್ತು. 2022ರ ಆಗಸ್ಟ್‌ನಲ್ಲಿ 212 ಕೆ9ಗೆ 240 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಡಿಸೆಂಬರ್‌ನಲ್ಲಿ ಮೊದಲ 24 ಫಿರಂಗಿ ಪೋಲೆಂಡಿನ ಬಂದರಿನಲ್ಲಿ ಇಳಿದವು. ನಾಲ್ಕೇ ತಿಂಗಳು! ಜರ್ಮನಿಯ ಪಿಝಡ್‌ಎಚ್ 2000 ಫಿರಂಗಿ ಗುಣದಲ್ಲಿ ಕಡಿಮೆ ಏನಲ್ಲ, ಹಲವು ವಿಷಯದಲ್ಲಿ ಮೇಲೇ. ಆದರೆ ಯುರೋಪಿನ ಸೇನೆಗಳು ಶೀತಲ ಸಮರ ಮುಗಿದ ಮೇಲೆ ಫಿರಂಗಿ ಕೊಳ್ಳುವುದನ್ನೇ ಬಿಟ್ಟಿದ್ದವು, ಕಾರ್ಖಾನೆಗಳು ಸಣ್ಣದಾಗಿದ್ದವು, ಆರ್ಡರ್ ಕೊಟ್ಟರೆ ವರ್ಷಗಟ್ಟಲೆ ಕಾಯಬೇಕಿತ್ತು. ಕೊರಿಯಾದಲ್ಲಿ ಮಾತ್ರ ಉತ್ಪಾದನಾ ಲೈನ್ ನಿಂತೇ ಇರಲಿಲ್ಲ. ಪಕ್ಕದಲ್ಲಿ ಉತ್ತರ ಕೊರಿಯಾ ಇದ್ದದ್ದರಿಂದ ನಿಲ್ಲಿಸುವ ಹಾಗೂ ಇರಲಿಲ್ಲ.

ಬೆಲೆ, ವೇಗ ಬಿಟ್ಟರೆ ಇನ್ನೆರಡು ಕಾರಣಗಳಿವೆ. ಕೊರಿಯಾದವರು ತಂತ್ರಜ್ಞಾನ ಕೊಡಲು ಜಾಸ್ತಿ ತಕರಾರು ಮಾಡುವುದಿಲ್ಲ. ಟರ್ಕಿ, ಭಾರತ, ಆಸ್ಟ್ರೇಲಿಯಾ ಮೂರೂ ಕಡೆ ಸ್ಥಳೀಯವಾಗಿ ತಯಾರಿಸಲು ಒಪ್ಪಿದರು. ಎರಡನೆಯದು ಸಾಲ. ಪೋಲೆಂಡಿನ ಆರ್ಡರ್ ಎಷ್ಟು ದೊಡ್ಡದಿತ್ತು ಅಂದರೆ, ಕೊರಿಯಾ ರಫ್ತಿಗೆ ಸಾಲ ಕೊಡುವ ತನ್ನ ಎಕ್ಸಿಮ್ ಬ್ಯಾಂಕಿನ ಬಂಡವಾಳದ ಮಿತಿಯನ್ನೇ 15 ಲಕ್ಷ ಕೋಟಿ ವಾನ್‌ನಿಂದ 25 ಲಕ್ಷ ಕೋಟಿಗೆ ಏರಿಸಲು 2024ರಲ್ಲಿ ಕಾನೂನು ತಿದ್ದಬೇಕಾಯಿತು. ಫಿರಂಗಿ ಮಾರುವುದು ಎಂದರೆ ಜೊತೆಗೆ ಸಾಲವನ್ನೂ ಮಾರುವುದು, ಹತ್ತಾರು ವರ್ಷದ ಬಿಡಿಭಾಗದ ಭರವಸೆಯನ್ನೂ ಮಾರುವುದು.

ಎಲ್ಲಾ ಕಡೆ ಗೆದ್ದರು ಅಂತಲ್ಲ. ಬ್ರಿಟನ್ ಕೆ9ಎ2 ಬಿಟ್ಟು 2024ರಲ್ಲಿ ಜರ್ಮನಿಯ ಗಾಲಿಯ ಮೇಲೆ ಓಡುವ ಆರ್‌ಸಿಎಚ್ 155 ಆರಿಸಿಕೊಂಡಿತು.

ಎಂಜಿನ್ ಯಾರದ್ದೋ, ಮಾತು ಅವರದ್ದು

'ಇದು ಯಾರ ಫಿರಂಗಿ' ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. ಕೊರಿಯಾದ್ದು ಎಂದು ನಾವು ಕರೆಯುವ ಕೆ9ರ ಎಂಜಿನ್ ಜರ್ಮನಿಯ ಎಂಟಿಯು ಕಂಪನಿಯದು. ಗೇರ್‌ಬಾಕ್ಸ್ ಅಮೆರಿಕದ ಆಲಿಸನ್ ವಿನ್ಯಾಸ. ಅಂದರೆ ಈ ಎಂಜಿನ್ ಇರುವ ಕೆ9 ಅನ್ನು ಕೊರಿಯಾ ಯಾರಿಗಾದರೂ ಮಾರಬೇಕಾದರೆ ಜರ್ಮನಿಯ ರಫ್ತು ಅನುಮತಿ ಬೇಕು.

ಇದರ ಪರಿಣಾಮ ಮೊದಲು ಕಂಡದ್ದು ಟರ್ಕಿಯಲ್ಲಿ. 2011ರ ಸುಮಾರಿಗೆ ಟರ್ಕಿ ತಾನು ತಯಾರಿಸಿದ ಫರ್ಟಿನಾವನ್ನು ಅಜರ್‌ಬೈಜಾನಿಗೆ ಮಾರಲು ಹೊರಟಿತು. ಜರ್ಮನಿ ಎಂಜಿನ್‌ಗೆ ಅನುಮತಿ ಕೊಡಲಿಲ್ಲ, ವ್ಯವಹಾರ ಕೂಡಲಿಲ್ಲ. ಫಿರಂಗಿ ಟರ್ಕಿಯ ಕಾರ್ಖಾನೆಯಲ್ಲಿ ತಯಾರಾಗಿತ್ತು, ಕೆಲಸಗಾರರು ಟರ್ಕಿಯವರು, ಹೆಸರೂ ಟರ್ಕಿಯದ್ದು. ಆದರೂ ಮಾರುವ ಹಕ್ಕು ಬರ್ಲಿನ್‌ನಲ್ಲಿತ್ತು. ಆಮೇಲೆ ಟರ್ಕಿ ತನ್ನದೇ ಎಂಜಿನ್ ಮಾಡಲು ಕೂತಿತು. ಕೊರಿಯಾಕ್ಕೂ ಮಧ್ಯಪ್ರಾಚ್ಯದ ಮಾರುಕಟ್ಟೆಯಲ್ಲಿ ಇದೇ ತೊಡಕು. ಹಾಗಾಗಿ ಅಲ್ಲಿನ ಎಸ್‌ಟಿಎಕ್ಸ್ ಎಂಜಿನ್ ಕಂಪನಿ 1,000 ಅಶ್ವಶಕ್ತಿಯ ಸ್ವಂತ ಎಂಜಿನ್ ರೂಪಿಸಿತು.

ನೋಡಿ, ಫಿರಂಗಿ ರಫ್ತಿನಲ್ಲಿ ಜಗತ್ತಿಗೇ ಮುಂದಿರುವ ದೇಶಕ್ಕೂ ಪೂರ್ತಿ ಸ್ವಂತದ್ದು ಮಾಡಲು 30 ವರ್ಷಕ್ಕಿಂತ ಹೆಚ್ಚು ಹಿಡಿದಿದೆ. ಶೇಕಡಾವಾರು ಲೆಕ್ಕ ಎಷ್ಟೇ ಇರಲಿ, ಯಾವ ಭಾಗ ಇಲ್ಲದಿದ್ದರೆ ಗಾಡಿ ಓಡುವುದಿಲ್ಲವೋ ಆ ಭಾಗದ ಒಡೆಯನಿಗೆ ಕೊನೆಯ ಮಾತು.

ಭಾರತ 30 ವರ್ಷ ಕಳೆದುಕೊಂಡ ಕಥೆ

ಇನ್ನು ನಮ್ಮ ಕಡೆಗೆ ಬರೋಣ. 1986ರಲ್ಲಿ ಭಾರತ ಸ್ವೀಡನ್ನಿನ ಬೊಫೋರ್ಸ್‌ನಿಂದ 410 ಫಿರಂಗಿ ಕೊಂಡಿತು. ಮರುವರ್ಷವೇ ಲಂಚದ ಆರೋಪ ಹೊರಬಂತು. ಮುಂದಿನದ್ದು ಎಲ್ಲರಿಗೂ ಗೊತ್ತು. ಆದರೆ ಹಗರಣದ ಇನ್ನೊಂದು ಪರಿಣಾಮದ ಬಗ್ಗೆ ಮಾತು ಕಡಿಮೆ. ಫಿರಂಗಿಯ ಕಡತ ಕಂಡರೆ ಅಧಿಕಾರಿಗಳು, ಮಂತ್ರಿಗಳು ಹೆದರುವ ಹಾಗಾಯಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಅದೇ ಬೊಫೋರ್ಸ್ ಫಿರಂಗಿಗಳು ಬೆಟ್ಟದ ನೆತ್ತಿಯಲ್ಲಿ ಕೂತವರನ್ನು ಹೊಡೆದು ಕೆಳಗಿಳಿಸಿದವು. ಅದೇ ವರ್ಷ ಸೇನೆ ಸುಮಾರು 3,000 ಹೊಸ ಫಿರಂಗಿಗಳ ದೊಡ್ಡ ಯೋಜನೆ ಹಾಕಿಕೊಂಡಿತು. ಅದರಲ್ಲಿ ಚೈನ್ ಗಾಲಿಯ ಓಡುವ ಫಿರಂಗಿ 100.

ಆ 100ರ ಪಾಡು ಹೇಳುವುದಾದರೆ, ಅರ್ಜುನ್ ಟ್ಯಾಂಕಿನ ಕೆಳಭಾಗದ ಮೇಲೆ ದಕ್ಷಿಣ ಆಫ್ರಿಕಾದ ಡೆನೆಲ್ ಕಂಪನಿಯ ಫಿರಂಗಿ ಕೂರಿಸಿ 'ಭೀಮ್' ಎಂದು ಒಂದು ಮಾದರಿ ಮಾಡಿದ್ದರು. ಕೆಲಸ ಚೆನ್ನಾಗೇ ಸಾಗಿತ್ತು. 2005ರಲ್ಲಿ ಬೇರೊಂದು ರೈಫಲ್ ವ್ಯವಹಾರದಲ್ಲಿ ಆರೋಪ ಬಂದು ಡೆನೆಲ್ ಕಪ್ಪುಪಟ್ಟಿ ಸೇರಿತು, ಭೀಮ್ ಅಲ್ಲಿಗೇ ನಿಂತಿತು. 2012ರಲ್ಲಿ ಸಿಂಗಾಪುರದ ಎಸ್‌ಟಿ ಕೈನೆಟಿಕ್ಸ್ ಸೇರಿ ಇನ್ನೂ ಕೆಲವು ಕಂಪನಿಗಳಿಗೆ ಬಾಗಿಲು ಮುಚ್ಚಿದರು. ಭ್ರಷ್ಟಾಚಾರಕ್ಕೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಸಲವೂ ಕಂಪನಿಯ ಜೊತೆ ಯೋಜನೆಯನ್ನೇ ಹೂತುಹಾಕಿದ್ದರಿಂದ ಬೆಲೆ ತೆತ್ತದ್ದು ಗಡಿಯಲ್ಲಿ ನಿಂತ ಸೈನಿಕ.

ಕೊನೆಗೆ ಎಲ್ ಆ್ಯಂಡ್ ಟಿ, ಸ್ಯಾಮ್‌ಸಂಗ್ ಜೊತೆಗೂಡಿ ಕೆ9 ತಂದಿತು. ರಾಜಸ್ಥಾನದ ಮರುಭೂಮಿಯ ಪರೀಕ್ಷೆಯಲ್ಲಿ ರಷ್ಯಾದ ಎಂಎಸ್‌ಟಿಎ ಫಿರಂಗಿ ಎದುರು ಗೆದ್ದಿತು. 2017ರಲ್ಲಿ ಸುಮಾರು 4,500 ಕೋಟಿಗೆ 100 ಫಿರಂಗಿಯ ಒಪ್ಪಂದ ಆಯಿತು. ಮೊದಲ 10 ಕೊರಿಯಾದ ಭಾಗಗಳಿಂದ ಜೋಡಿಸಿದ್ದು, ಉಳಿದ 90 ಸೂರತ್ ಹತ್ತಿರದ ಹಜೀರಾದಲ್ಲಿ ತಯಾರಿಸಿದ್ದು. 2018ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ದೇವಲಾಲಿಯಲ್ಲಿ ಕೆ9 ವಜ್ರ ಮತ್ತು ಅಮೆರಿಕದ ಹಗುರ ಎಂ777 ಒಟ್ಟಿಗೆ ಸೇನೆ ಸೇರಿದವು. ಬೊಫೋರ್ಸ್ ಬಂದು ಅಷ್ಟರಲ್ಲಿ 30 ವರ್ಷ ಆಗಿತ್ತು.

ಹಜೀರಾದ ಕೆಲಸವನ್ನು ಮೆಚ್ಚಲೇಬೇಕು. 2021ರ ಫೆಬ್ರುವರಿಯಲ್ಲಿ, ಗಡುವಿಗೆ ಮುಂಚೆಯೇ, ನೂರನೇ ಫಿರಂಗಿ ಹೊರಬಂತು. ನಮ್ಮ ದೇಶದ ರಕ್ಷಣಾ ಯೋಜನೆಗಳಲ್ಲಿ ಇದು ಅಪರೂಪ. ಎಲ್ ಆ್ಯಂಡ್ ಟಿ ಹೇಳುವ ಪ್ರಕಾರ ಒಂದೊಂದು ಫಿರಂಗಿಗೂ 13,000ಕ್ಕೂ ಹೆಚ್ಚು ಬಗೆಯ ಭಾಗಗಳು ದೇಶದೊಳಗೇ ತಯಾರಾದವು. ಅವನ್ನು ಕೊಟ್ಟ ಸಣ್ಣ-ದೊಡ್ಡ ಕಾರ್ಖಾನೆಗಳು ಇದ್ದದ್ದು ಗುಜರಾತ್, ಮಹಾರಾಷ್ಟ್ರ, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ.

ಆಮೇಲೆ ಏನಾಯಿತು? ಆರ್ಡರ್ ಮುಗಿಯಿತು. 2021ರ ಫೆಬ್ರುವರಿಯಿಂದ 2024ರ ಡಿಸೆಂಬರ್‌ವರೆಗೆ, ಹತ್ತಿರ ಹತ್ತಿರ ನಾಲ್ಕು ವರ್ಷ, ಹೊಸ ವಜ್ರಕ್ಕೆ ಒಪ್ಪಂದವೇ ಇರಲಿಲ್ಲ. ಇನ್ನೂ 100 ಬೇಕು ಎಂಬ ಮಾತು ಆಗಲೇ ಶುರುವಾಗಿತ್ತು, ಕಡತ ಮಾತ್ರ ನಿಧಾನವಾಗಿ ನಡೆಯಿತು.

45 ಕೋಟಿ 76 ಕೋಟಿ ಆದದ್ದು

ಮೊದಲ ಸಲ ಒಂದಕ್ಕೆ 45 ಕೋಟಿ ಬಿದ್ದಿತ್ತು, ಈಗ 76 ಕೋಟಿ. ಹೆಚ್ಚಿನವರಿಗೆ ಅನುಮಾನ ಬರುವುದು ಇಲ್ಲೇ. ಒಪ್ಪಂದದಲ್ಲಿ ಫಿರಂಗಿ ಮಾತ್ರ ಇರುವುದಿಲ್ಲ; ಬಿಡಿಭಾಗ, ತರಬೇತಿ, ದುರಸ್ತಿ ಎಲ್ಲಾ ಸೇರಿರುತ್ತದೆ, ಎಷ್ಟು ಸೇರಿದೆ ಎಂಬುದು ಒಂದೊಂದು ಒಪ್ಪಂದಕ್ಕೂ ಬೇರೆ. ಫಿನ್ಲೆಂಡ್ 2017ರಲ್ಲಿ 48 ಬಳಸಿದ ಕೆ9ಗಳನ್ನು 14.6 ಕೋಟಿ ಯೂರೋಗೆ ಪಡೆದಿತ್ತು, ಒಂದಕ್ಕೆ 30 ಲಕ್ಷ ಯೂರೋ. ಪೋಲೆಂಡ್‌ನ ಮೊದಲ ಒಪ್ಪಂದವನ್ನು ಭಾಗಿಸಿದರೆ ಒಂದಕ್ಕೆ 1.1 ಕೋಟಿ ಡಾಲರ್ ಮೀರುತ್ತದೆ, ಅದರಲ್ಲಿ ಗುಂಡು, ತರಬೇತಿ ಎಲ್ಲಾ ಇತ್ತು. ನಮ್ಮ 76 ಕೋಟಿ ಸುಮಾರು 90 ಲಕ್ಷ ಡಾಲರ್. ಜಗತ್ತಿನ ಲೆಕ್ಕದಲ್ಲಿ ಇದು ವಿಪರೀತ ಅಲ್ಲ.

ಆದರೂ ಏರಿಕೆ ನಿಜ. 2017ರ ಮಧ್ಯದಲ್ಲಿ ಒಂದು ಡಾಲರ್‌ಗೆ 64-65 ರೂಪಾಯಿ ಇತ್ತು, 2024ರ ಡಿಸೆಂಬರ್‌ನಲ್ಲಿ 85. ಹೊರಗಿನಿಂದ ಬರುವ ಎಂಜಿನ್, ಗೇರ್‌ಬಾಕ್ಸ್ ಇಷ್ಟರಿಂದಲೇ ಮೂರನೇ ಒಂದು ಭಾಗ ದುಬಾರಿಯಾದವು. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೂ 4,500 ಕೋಟಿ ಏಳೂವರೆ ವರ್ಷದಲ್ಲಿ ಸುಮಾರು 7,000 ಕೋಟಿ ಆಗುತ್ತದೆ. ಉಳಿದದ್ದಕ್ಕೆ ಕಾರಣಗಳಿವೆ: ಎತ್ತರದ ಚಳಿ ಜಾಗಕ್ಕೆ ಬೇಕಾದ ಬದಲಾವಣೆ, ನಿಂತ ಸರಬರಾಜು ಸರಪಳಿಯನ್ನು ಮತ್ತೆ ಎಬ್ಬಿಸುವ ಖರ್ಚು. ಒಮ್ಮೆ ಆರ್ಡರ್ ಮುಗಿದರೆ ಸಣ್ಣ ಕಾರ್ಖಾನೆಯವನು ಕಾಯುತ್ತಾ ಕೂರುವುದಿಲ್ಲ. ಮಷಿನ್ ಬೇರೆ ಕೆಲಸಕ್ಕೆ ಹಾಕುತ್ತಾನೆ, ಕೆಲಸ ಗೊತ್ತಿದ್ದ ಹುಡುಗರು ಬೇರೆ ಕಡೆ ಹೋಗುತ್ತಾರೆ. ಎರಡನೇ ಕಂತನ್ನು 2021ರಲ್ಲೇ ಕೊಟ್ಟಿದ್ದರೆ ಈ ಏರಿಕೆಯ ದೊಡ್ಡ ಪಾಲು ಉಳಿಯುತ್ತಿತ್ತು. ತಡ ಮಾಡಿದ್ದಕ್ಕೆ ನಾವು ಕೊಟ್ಟ ಬೆಲೆ ಇದು, ಇದನ್ನು ಯಾವ ಲೆಕ್ಕಪತ್ರವೂ ಬೇರೆ ಸಾಲಿನಲ್ಲಿ ತೋರಿಸುವುದಿಲ್ಲ.

ಹಾನ್‌ವಾಗೆ ಹೋಗುವ 25 ಕೋಟಿ ಡಾಲರ್ ಅಂದರೆ ಸುಮಾರು 2,150 ಕೋಟಿ ರೂಪಾಯಿ. ಒಟ್ಟು ಒಪ್ಪಂದದಲ್ಲಿ ರೂಪಾಯಿಗೆ 28 ಪೈಸೆ. ಹೆಚ್ಚಿನ ದುಡ್ಡು ದೇಶದೊಳಗೇ ಉಳಿಯುತ್ತದೆ ಎನ್ನುವುದು ಸರಿ. ಆದರೆ ಆ 28 ಪೈಸೆಯಲ್ಲಿ ಬರುವುದು ನಮಗಿನ್ನೂ ಮಾಡಲು ಬಾರದ ಭಾಗಗಳು.

ಮರಳಿನಿಂದ ಹಿಮಕ್ಕೆ

ವಜ್ರವನ್ನು ಆರಿಸಿದ್ದು ಪಾಕಿಸ್ತಾನದ ಗಡಿಯ ಬಯಲು, ಮರಳುಗಾಡಿಗೆ. 2020ರಲ್ಲಿ ಲಡಾಖ್‌ನ ಗಲ್ವಾನ್‌ನಲ್ಲಿ ಚೀನಾ ಜೊತೆ ಘರ್ಷಣೆ ಆದ ಮೇಲೆ ಲೆಕ್ಕ ಬದಲಾಯಿತು. ಪೂರ್ವ ಲಡಾಖ್ ಎತ್ತರದಲ್ಲಿದ್ದರೂ ಹಲವು ಕಡೆ ಅಗಲವಾದ ಬಯಲು, ಟ್ಯಾಂಕ್ ಓಡುವಂಥ ಜಾಗ. 2021ರಲ್ಲಿ ಕೆಲವು ವಜ್ರಗಳನ್ನು ಅಲ್ಲಿಗೆ ಒಯ್ದು ಪರೀಕ್ಷಿಸಿದರು, ಫಲ ಚೆನ್ನಾಗಿ ಬಂದಿದ್ದರಿಂದ ಒಂದು ಪೂರ್ತಿ ರೆಜಿಮೆಂಟನ್ನೇ ನಿಲ್ಲಿಸಿದರು.

ಅಲ್ಲಿ ಗಾಳಿ ತೆಳು. ಗುಂಡಿಗೆ ಅಡ್ಡಿ ಕಡಿಮೆ, ಹಾಗಾಗಿ ಅದು ಇನ್ನೂ ದೂರ ಹಾರುತ್ತದೆ. ಅದೇ ತೆಳು ಗಾಳಿ ಎಂಜಿನ್‌ಗೆ ಕಷ್ಟ. ಚಳಿಗೆ ಬ್ಯಾಟರಿ ಸೋಲುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ, ರಬ್ಬರ್ ಬಿರುಸಾಗುತ್ತದೆ. ಇದಕ್ಕೆಲ್ಲ ಬೇರೆ ಸಾಮಾನು ಬೇಕು. ಮರುಭೂಮಿಗೆ ಎಂದು ತಂದಿದ್ದ 100ರಲ್ಲೇ ಲಡಾಖ್‌ಗೆ ತೆಗೆದರೆ ಪಶ್ಚಿಮದಲ್ಲಿ ಕೊರತೆ ಬೀಳುತ್ತದೆ. ಎರಡನೇ 100 ಬಂದದ್ದು ಈ ಕಾರಣಕ್ಕೆ. ಹಾಗಂತ ಇದು ಎಲ್ಲಾ ಬೆಟ್ಟಕ್ಕೂ ಹೊಂದುವುದಿಲ್ಲ. ಅರುಣಾಚಲದ ಕಡಿದಾದ, ಇಕ್ಕಟ್ಟಾದ ದಾರಿ, ಸಣ್ಣ ಸೇತುವೆಗಳ ಮೇಲೆ 47 ಟನ್ ಸಾಗಿಸುವುದು ಬಹಳ ಕಷ್ಟ. ಹೆಲಿಕಾಪ್ಟರಿನಲ್ಲಿ ಎತ್ತಬಹುದಾದ ಎಂ777 ಅಲ್ಲಿಗೆ ಸೂಕ್ತ.

ಬೇಡ ಎನ್ನುವವರ ವಾದವೂ ಹಗುರವಲ್ಲ

ಮೊದಲ ವಾದ ಡ್ರೋನ್‌ನದು. ಉಕ್ರೇನ್‌ನಲ್ಲಿ ರಷ್ಯಾದ ಲ್ಯಾನ್ಸೆಟ್ ಡ್ರೋನ್‌ಗಳು ಕ್ರಾಬ್ ಸೇರಿ ಹಲವು ದುಬಾರಿ ಫಿರಂಗಿಗಳನ್ನು ಹುಡುಕಿ ಹೊಡೆದವು. 76 ಕೋಟಿಯ ಗಾಡಿಯನ್ನು ಸಣ್ಣ ಡ್ರೋನ್ ಸುಟ್ಟುಹಾಕಬಹುದಾದರೆ ಈ ಖರ್ಚು ಯಾಕೆ ಎಂದು ಕೇಳುತ್ತಾರೆ. ಆದರೆ ಅದೇ ಯುದ್ಧದಲ್ಲಿ ಎಳೆಯುವ ಫಿರಂಗಿಯ ಪಾಡು ಇನ್ನೂ ಕೆಟ್ಟದಾಗಿತ್ತು, ಅದರ ಸೈನಿಕರಿಗೆ ಕವಚವೂ ಇಲ್ಲ, ಓಡಲು ಎಂಜಿನ್ನೂ ಇಲ್ಲ. ಡ್ರೋನ್ ಬಂತು ಎಂದು ಫಿರಂಗಿ ಬೇಡವಾಗಿಲ್ಲ, ಫಿರಂಗಿಯ ಜೊತೆ ಡ್ರೋನ್ ತಡೆಯುವ ವ್ಯವಸ್ಥೆಯೂ ಬೇಕಾಗಿದೆ. ಅದು ಬಜೆಟ್‌ನಲ್ಲಿ ಬೇರೆ ಖರ್ಚು.

ಎರಡನೆಯದು ಗಾಲಿಯ ವಾದ, ನನಗೆ ಇದು ಹೆಚ್ಚು ಗಟ್ಟಿ ಅನ್ನಿಸುತ್ತದೆ. ಫ್ರಾನ್ಸಿನ ಸೀಸರ್ ಥರ ಲಾರಿಯ ಮೇಲೆ ಕೂರಿಸಿದ ಫಿರಂಗಿ 18 ಟನ್ ಆಸುಪಾಸು, ಬೆಲೆ ಕಡಿಮೆ, ರಸ್ತೆಯಲ್ಲಿ ವೇಗವಾಗಿ ಓಡುತ್ತದೆ, ಹೊಡೆದು ಬೇಗ ಹೊರಡುತ್ತದೆ. ನಮ್ಮ ಸೇನೆಯ ಯೋಜನೆಯಲ್ಲಿ ಇಂಥವು 814 ಇವೆ. 1999ರ ಯೋಜನೆಯ ಈ ಭಾಗ ಹತ್ತಿರ ಹತ್ತಿರ ಕಾಲು ಶತಮಾನ ಕಾಗದದಲ್ಲೇ ಉಳಿಯಿತು. ಡಿಆರ್‌ಡಿಒ, ಖಾಸಗಿ ಕಂಪನಿಗಳು ಎಲ್ಲರೂ ಮಾದರಿ ಮಾಡಿ ತೋರಿಸಿದ್ದಾರೆ. ಮರಳು, ಕೆಸರಿನಲ್ಲಿ ಚೈನ್ ಗಾಲಿಯೇ ಬೇಕು ಎನ್ನುವುದು ನಿಜ, ಆದರೆ ನಮ್ಮ ಗಡಿಯ ಹೆಚ್ಚಿನ ಕಡೆ ಲಾರಿಯ ಫಿರಂಗಿಯೇ ಸಾಕು.

ಮೂರನೆಯದು ಸ್ವದೇಶಿ ವಾದ. ಕೊರಿಯಾ ವಿನ್ಯಾಸ ಇಟ್ಟುಕೊಂಡು ನಾವು ಎಷ್ಟು ತಯಾರಿಸಿದರೂ ಬೇರೆ ದೇಶಕ್ಕೆ ಮಾರಬೇಕಾದರೆ ಹಾನ್‌ವಾ ಒಪ್ಪಬೇಕು, ಎಂಜಿನ್‌ಗಾಗಿ ಜರ್ಮನಿಯೂ ಒಪ್ಪಬೇಕು. ಹೋಲಿಸಿ ನೋಡಿ: 2022ರ ನವೆಂಬರ್‌ನಲ್ಲಿ ಭಾರತ್ ಫೋರ್ಜ್ ಸಮೂಹದ ಕಲ್ಯಾಣಿ ಸ್ಟ್ರಾಟೆಜಿಕ್ ಸಿಸ್ಟಮ್ಸ್‌ಗೆ 155 ಮಿಲಿಮೀಟರ್ ಫಿರಂಗಿಗಾಗಿ ಹೊರದೇಶದಿಂದ 15.5 ಕೋಟಿ ಡಾಲರ್ ಆರ್ಡರ್ ಬಂತು. ದೇಶದ ಹೆಸರನ್ನು ಕಂಪನಿ ಹೇಳಲಿಲ್ಲ, ಅದು ಅರ್ಮೇನಿಯಾ ಎಂದು ಪತ್ರಿಕೆಗಳು ಬರೆದವು. ಅರ್ಮೇನಿಯಾ ಅದಕ್ಕೂ ಮುಂಚೆ ಬೆಂಗಳೂರಿನ ಸ್ವಾತಿ ರೇಡಾರನ್ನೂ ಕೊಂಡಿತ್ತು. ವಿನ್ಯಾಸ ನಮ್ಮದಾಗಿರುವ ಕಡೆ ಮಾರುವ ನಿರ್ಧಾರವೂ ನಮ್ಮದೇ ಆಗುತ್ತದೆ.

ಹೀಗೆ ನೋಡಿದರೆ ವಜ್ರ ನಾವು ಚೆನ್ನಾಗಿ ತಯಾರಿಸಲು ಕಲಿತ ಕೊರಿಯಾದ ಫಿರಂಗಿ. ಎಟಿಎಜಿಎಸ್ ನಾವೇ ವಿನ್ಯಾಸ ಮಾಡಿದ, ದೊಡ್ಡ ಸಂಖ್ಯೆಯಲ್ಲಿ ತಯಾರಿಸುವುದು ಈಗಷ್ಟೇ ಶುರುವಾಗುತ್ತಿರುವ ಫಿರಂಗಿ. ಪೋಲೆಂಡ್‌ನಲ್ಲೂ ಇದೇ ಜಗಳ ನಡೆದಿದೆ: ನಮ್ಮ ಕ್ರಾಬ್ ಇರುವಾಗ ಕೆ9 ಯಾಕೆ ಅಂತ. ಅಲ್ಲಿ ಕ್ರಾಬ್‌ನ ಕೆಳಭಾಗವೇ ಕೆ9ದ್ದು, ಹಾಗಾಗಿ ಜಗಳಕ್ಕೆ ಸುಲಭದ ಉತ್ತರವೂ ಸಿಕ್ಕಿಲ್ಲ.

ಮುಂದೆ ಏನಾಗಬಹುದು

ಎರಡನೇ ಕಂತಿನ ಕೆಲಸ ಸುಮಾರು ನಾಲ್ಕು ವರ್ಷದ್ದು, 9 ಲಕ್ಷಕ್ಕೂ ಹೆಚ್ಚು ಮಾನವ ದಿನಗಳ ಉದ್ಯೋಗ ಎಂದು ಸಚಿವಾಲಯ ಹೇಳಿದೆ. ಅಂದರೆ 2028ರ ಕೊನೆಯ ಹೊತ್ತಿಗೆ ಸೇನೆಯ ಹತ್ತಿರ 200 ವಜ್ರ ಇರುತ್ತವೆ, ಹಜೀರಾದಲ್ಲಿ ಮತ್ತೆ ಆರ್ಡರ್ ಮುಗಿದಿರುತ್ತದೆ.

ಆಗ ಮೂರು ದಾರಿ. ಒಂದು, ಇದೇ ಫಿರಂಗಿಯ ಮೂರನೇ ಕಂತು. ಸುಲಭ, ಆದರೆ ಅಷ್ಟರಲ್ಲಿ ವಿನ್ಯಾಸ ಹಳೆಯದಾಗಿರುತ್ತದೆ. ಎರಡು, ಕೆ9ಎ2ರ ತಂತ್ರಜ್ಞಾನ ತಂದು ಇರುವ 200ನ್ನೂ ಹೊಸ ಮಟ್ಟಕ್ಕೆ ಏರಿಸುವುದು. ಐದು ಜನರ ಬದಲು ಮೂರೇ ಜನ ಸಾಕಾಗುತ್ತಾರೆ, ಕೊರಿಯಾದ ಮೇಲಿನ ಅವಲಂಬನೆ ಮಾತ್ರ ಮುಂದುವರಿಯುತ್ತದೆ. ಮೂರು, ಎಟಿಎಜಿಎಸ್‌ನ ಬ್ಯಾರೆಲ್ ಮತ್ತು ಹಜೀರಾದ ಅನುಭವ ಎರಡನ್ನೂ ಸೇರಿಸಿ ನಮ್ಮದೇ ಓಡುವ ಫಿರಂಗಿ ಮಾಡುವುದು. ಇದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ, ಮತ್ತು 1,000 ಅಶ್ವಶಕ್ತಿಯ ಎಂಜಿನ್ ಎಲ್ಲಿಂದ ಎಂಬ ಪ್ರಶ್ನೆ ಎದುರಾಗುತ್ತದೆ.

ಮೂರನೇ ದಾರಿಯೇ ಸರಿ ಎಂದು ನಾನು ನಂಬುತ್ತೇನೆ, ಆದರೆ ಅದು ಫಲ ಕೊಡುವವರೆಗೆ ಹಜೀರಾ ಸುಮ್ನೆ ಕೂರಬಾರದು. ಮಧ್ಯದ ವರ್ಷಗಳಿಗೆ ಎರಡನೇ ದಾರಿಯ ಕೆಲಸವನ್ನು ಕೊಡಬೇಕು. ಮೊದಲ ಸಲ ಒಪ್ಪಂದದಿಂದ ಮೊದಲ 10 ಫಿರಂಗಿಗೆ ಒಂದೂವರೆ ವರ್ಷ ಹಿಡಿದಿತ್ತು, ಅದೂ ಕೊರಿಯಾದಿಂದ ಬಂದ ಭಾಗಗಳನ್ನು ಜೋಡಿಸಿ. ಆ ಲೆಕ್ಕ ಹಿಡಿದರೆ, ಹಜೀರಾಕ್ಕೆ ಮುಂದಿನ ಕೆಲಸ ಏನು ಎಂಬ ಸಹಿ 2027ರ ಮಧ್ಯದೊಳಗೆ ಬೀಳಬೇಕು.